ಉಗೀಬೇಡಿ, ಹೀರಬೇಡಿ, ಊದಬೇಡಿ

ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲುಗಳೇ ಅವರಿಗಿರಲಿಲ್ಲ. ಮೂವತ್ತು ವರ್ಷ ಹಲ್ಲಿನ ಡಾಕ್ಟರ ಪಕ್ಕದಲ್ಲಿ ನಿಂತು ಕೆಲಸ ಮಾಡಿದ ಹೆಂಗಸಿಗೆ ಇದು ಒಳ್ಳೆಯ ಜಾಹೀರಾತಲ್ಲ. ಆದರೂ ಸೆರಗು ಅಡ್ಡ ಹಿಡಿಯುವುದಾಗಲಿ, ತುಟಿ ಬಿಗಿಹಿಡಿದು ನಗುವುದಾಗಲಿ ಅವರ ಜಾಯಮಾನದಲ್ಲಿರಲಿಲ್ಲ. ಕೇಳಿದವರಿಗೆ ಒಂದೇ ಉತ್ತರ: "ಊರೋರ ಬಾಯಿ ನೋಡೋದ್ರಲ್ಲೇ ಆಯ್ತು. ನನ್ ಬಾಯಿ ನೋಡ್ಕೊಳಕ್ಕೆ ಪುರುಸೊತ್ತೆಲ್ಲಿ?"

ಚಾಮರಾಜಪೇಟೆಯ ಆ ಕ್ಲಿನಿಕ್ಕಿನಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ನರ್ಸಿಂಗ್ ಓದಿದವರೇನಲ್ಲ. ಗಂಡ ತರಗುಪೇಟೆಯ ಬೇಳೆ ಮಂಡಿಯಲ್ಲಿ ತೂಕ ಹಾಕುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಕಸ ಗುಡಿಸಲು ಇಲ್ಲಿಗೆ ಸೇರಿ, ನೋಡಿ ನೋಡಿಯೇ ಕೆಲಸ ಕಲಿತರು. ನಾನು ಕಾಣುವ ಹೊತ್ತಿಗೆ, ಡಾಕ್ಟರು ಬಾಯಿಬಿಟ್ಟು ಕೇಳುವ ಮೊದಲೇ ಬೇಕಾದ ಸಲಕರಣೆ ಅವರ ಅಂಗೈಯಲ್ಲಿರುತ್ತಿತ್ತು. ಅಪಾಯಿಂಟ್‌ಮೆಂಟ್ ಪುಸ್ತಕವೂ ಸಿಸ್ಟರ್ ಸುಪರ್ದಿಯಲ್ಲೇ. ಅದರ ಪಕ್ಕದಲ್ಲೊಂದು ಪಂಚಾಂಗದ ಕ್ಯಾಲೆಂಡರ್. ಏಕಾದಶಿ, ಸಂಕಷ್ಟಿ, ಶ್ರಾವಣ ಶನಿವಾರಗಳ ಮೇಲೆಲ್ಲ ಕೆಂಪು ಗೀಟು. ಆ ದಿನಗಳಲ್ಲಿ ಹಲ್ಲು ಕೀಳುವಂತಿಲ್ಲ. "ಈ ಕಡೆ ಜನ ಉಪವಾಸ ಅಂತ ಬಾಯ್ಬಿಟ್ಟು ಹೇಳಲ್ಲ. ಖಾಲಿ ಹೊಟ್ಟೇಲಿ ಬಂದು ಕುರ್ಚಿ ಮೇಲೆ ತಲೆಸುತ್ತಿ ಬೀಳ್ತಾರೆ" ಎನ್ನುತ್ತಿದ್ದರು.

ನಾನು ಕೊಳಲಿನ ಮೇಷ್ಟ್ರು. ತ್ಯಾಗರಾಜನಗರದ ಮನೆಯಲ್ಲಿ ಪಾಠ, ಆಗಾಗ ಮದುವೆ ಮನೆ, ರಾಮನವಮಿಗೆ ಒಂದೆರಡು ಕಚೇರಿ. ಆ ವರ್ಷ ಕೆಳದವಡೆಯ ಬಲಗಡೆ ಬುದ್ಧಿಹಲ್ಲು ಅಡ್ಡ ಮಲಗಿ ಕೀವು ಕಟ್ಟಿತು. ಡಾಕ್ಟರು ಎಕ್ಸ್‌ರೇ ತೋರಿಸಿ, "ಬೇರಿನ ಕೆಳಗೇ ತುಟಿಗೆ ಹೋಗೋ ನರ ಇದೆ. ಸಾಮಾನ್ಯವಾಗಿ ಏನೂ ಆಗಲ್ಲ. ಆದ್ರೆ ಕೆಲವರಿಗೆ ತುಟಿ ಮರಗಟ್ಟಿ ಹಾಗೇ ಉಳಿದುಬಿಡತ್ತೆ" ಎಂದರು. ಬೇರೆಯವರಿಗಾದರೆ ಅದು ಕಾಫಿ ಕುಡಿಯುವಾಗಿನ ಕಿರಿಕಿರಿ. ಕೊಳಲು ಕೂರುವುದೇ ಕೆಳತುಟಿಯ ಮೇಲೆ. ಊದುವ ರಂಧ್ರ ಕಣ್ಣಿಗೆ ಕಾಣುವುದಿಲ್ಲ, ತುಟಿಯೇ ಹುಡುಕಿಕೊಳ್ಳಬೇಕು. ತುಟಿ ಹೋದರೆ ನನ್ನ ಕಸುಬು ಹೋದಂತೆ. ಇಷ್ಟಾದರೂ ಡಾಕ್ಟರಿಗೆ ನಾನು ಬರೀ 'ಟೀಚರ್' ಎಂದೇ ಹೇಳಿಕೊಂಡಿದ್ದೆ. ನಿಜ ಹೇಳಿದರೆ ಅವರ ಕೈ ನಡುಗೀತು ಎಂಬುದು ನನ್ನ ಘನ ತರ್ಕ.

ದಿನ ಗೊತ್ತುಮಾಡುವುದರಲ್ಲೂ ನನ್ನದು ಅದೇ ಜಾಣತನ. ಶಸ್ತ್ರಕ್ರಿಯೆಯಾದ ದಿನ ಹೇಗೂ ಊಟವಿಲ್ಲ, ಏಕಾದಶಿಗೂ ಊಟವಿಲ್ಲ; ಎರಡನ್ನೂ ಒಂದೇ ದಿನ ಮುಗಿಸಿದರಾಯಿತು ಎಂದುಕೊಂಡೆ. ಸಿಸ್ಟರ್ ರಜೆಯಲ್ಲಿದ್ದಾಗ ನೇರವಾಗಿ ಡಾಕ್ಟರಿಗೇ ಫೋನ್ ಮಾಡಿ ಏಕಾದಶಿಯ ದಿನವನ್ನೇ ಕೇಳಿದೆ. ಅವರು ಒಪ್ಪಿದರು.

ಅವತ್ತು ಹೋದ ಕೂಡಲೆ ಸಿಸ್ಟರ್ ಕೇಳಿದರು: "ಬೆಳಿಗ್ಗೆ ಏನ್ ತಿಂದ್ರಿ ಮೇಷ್ಟ್ರೇ?"

"ಇಡ್ಲಿ" ಎಂದೆ.

ಅವರು ಕ್ಯಾಲೆಂಡರಿನ ಕಡೆ ನೋಡಿದರು, ನನ್ನ ಹಣೆಯ ನಾಮದ ಕಡೆ ನೋಡಿದರು. "ಏಕಾದಶಿ ದಿವಸ ನಿಮ್ಮನೇಲಿ ಇಡ್ಲಿ ಬೇಯಿಸ್ತಾರಾ? ಹೋಗ್ಲಿ, ಶುಗರ್ ಮಾತ್ರೆ ತಗೊಂಡ್ರಾ?"

ತೆಗೆದುಕೊಂಡಿದ್ದೆ. ಹೂಂ ಎಂದೆ. ಅವರು ಒಳಗೆ ಹೋಗಿ, ಸಕ್ಕರೆ ಸುರಿದ ಒಂದು ಲೋಟ ಹಾಲು ತಂದು ಕೈಗಿಟ್ಟರು. "ಹಾಲಿಗೆ ನಿಮ್ ದೇವರೇನೂ ಅನ್ನಲ್ಲ, ಕುಡೀರಿ. ಇವತ್ತು ಆಪರೇಷನ್ ಇಲ್ಲ."

ನನಗೆ ಸಿಟ್ಟು ಬಂತು. ತಿಂಗಳಿಂದ ಕೂಡಿಸಿಕೊಂಡಿದ್ದ ಧೈರ್ಯವೆಲ್ಲ ದಂಡವಾಯಿತಲ್ಲ ಎಂದು ದನಿ ಏರಿಸಿ ಕೂಗಾಡಿದೆ. ಆ ಭರದಲ್ಲೇ ಕೊಳಲಿನ ವಿಷಯವೂ ಬಾಯಿಗೆ ಬಂದುಬಿಟ್ಟಿತು.

"ಡಾಕ್ಟ್ರಿಗೆ ಹೇಳಿದೀರಾ?"

"ಇಲ್ಲ. ನೀವೂ ಹೇಳ್ಬೇಡಿ."

ಅವರು ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎಂದೂ ಅನ್ನಲಿಲ್ಲ. "ನಾಳೆ ದ್ವಾದಶಿ. ನಿಮ್ದು ಹೇಗೂ ಬೆಳಿಗ್ಗೆ ಬೇಗ ಊಟ ಆಗತ್ತಲ್ಲ. ಹೊಟ್ಟೆ ತುಂಬ ಉಂಡ್ಕೊಂಡು ಹತ್ತು ಗಂಟೆಗೆ ಬಂದ್ಬಿಡಿ" ಎಂದು ಪುಸ್ತಕದಲ್ಲಿ ಬರೆದುಕೊಂಡರು.

ಮರುದಿನ ಪಾರಣೆ ಮುಗಿಸಿ ಹೋದೆ. ಮುಖದ ಮೇಲೆ ಹಸಿರು ಬಟ್ಟೆ ಹಾಸಿದರು, ದವಡೆಯೊಳಗೆ ಯಂತ್ರ ಕೊರೆಯತೊಡಗಿತು. ನಡುವೆ ಒಮ್ಮೆ ಸದ್ದು ನಿಂತಿತು. ಡಾಕ್ಟರೂ ಸಿಸ್ಟರೂ ಎಕ್ಸ್‌ರೇ ಹಿಡಿದು ಕಿಟಕಿಯ ಹತ್ತಿರ ಹೋಗಿ ಏನೋ ಪಿಸುಗುಟ್ಟಿದರು. ಆಮೇಲೆ ಹೊಲಿಗೆ ಬಿತ್ತು. "ಬೇರಿನ ತುದಿ ಒಂದು ಚೂರು ಒಳಗೇ ಬಿಟ್ಟಿದೀನಿ. ತೊಂದರೆ ಇಲ್ಲ" ಎಂದರು ಡಾಕ್ಟರು. ಬಾಯಿ ತುಂಬ ಹತ್ತಿಬಟ್ಟೆ ಇದ್ದದ್ದರಿಂದ ನನಗೆ ಯಾಕೆಂದು ಕೇಳಲಾಗಲಿಲ್ಲ.

ಹೊರಡುವಾಗ ಸಿಸ್ಟರ್ ಬೆರಳು ಮಡಿಸಿ ಹೇಳಿದರು: "ಉಗೀಬೇಡಿ, ಹೀರಬೇಡಿ. ಎಲ್ಲಾರ್ಗೂ ಇವೆರಡೇ. ನಿಮಗೆ ಮೂರನೇದು, ಊದಬೇಡಿ. ರಕ್ತದ ಹೆಪ್ಪು ಕಿತ್ಕೊಂಡು ಬಂದ್ರೆ ನೋವಲ್ಲಿ ಸತ್ತೋಗ್ತೀರ." ಎರಡು ದಿನ ತಣ್ಣಗಿನ ರಾಗಿ ಗಂಜಿ, ಅದೂ ಸೋಸಿ, ಚಮಚದಲ್ಲಿ. ಆಮೇಲೆ ಮೆತ್ತಗೆ ಕಲಸಿದ ಮೊಸರನ್ನ, ಒಗ್ಗರಣೆ ಹಾಕದೆ. ಸಾಸಿವೆ ಗಾಯದೊಳಗೆ ಕೂರುತ್ತದಂತೆ.

ಊತ ಇಳಿಯಿತು, ತುಟಿಯ ಮರಗಟ್ಟುವಿಕೆ ಇಳಿಯಲಿಲ್ಲ. ಐದನೆಯ ದಿನವೂ ಬಲಗಡೆಯ ಕೆಳತುಟಿ ಯಾರದೋ ಚರ್ಮದಂತಿತ್ತು. ಕ್ಲಿನಿಕ್ಕಿಗೆ ಹೋಗಿ ಸಿಸ್ಟರ್ ಎದುರು ಕೂತು ರೇಗಿದೆ. "ನಿಮ್ಮ ಡಾಕ್ಟ್ರು ಅರ್ಧ ಕೆಲಸ ಮಾಡಿದಾರೆ. ಬೇರೂ ಪೂರ್ತಿ ಬರ್ಲಿಲ್ಲ, ತುಟೀನೂ ಹೋಯ್ತು. ಇದಕ್ಕೊಂದು ಆಪರೇಷನ್ ಬೇರೆ ಕೇಡು." ಅವರು ಹತ್ತಿಯ ಎಳೆಯೊಂದನ್ನು ಹೊಸೆದು, "ಕಣ್ ಮುಚ್ಚಿ. ಎಲ್ಲಿ ಮುಟ್ಟಿದೆ ಹೇಳಿ" ಎಂದರು.

"ಬಲಗಡೆ, ತುದೀಲಿ" ಎಂದೆ.

"ನಾನಿನ್ನೂ ಮುಟ್ಟೇ ಇಲ್ಲ ಮೇಷ್ಟ್ರೇ."

ಕಣ್ಣು ತೆರೆದರೆ ಹತ್ತಿ ಅವರ ಮಡಿಲಲ್ಲಿತ್ತು. "ನನ್ ಹತ್ರ ಸುಳ್ಳು ಹೇಳಿ ಏನ್ ಸಿಗತ್ತೆ ನಿಮಗೆ? ಇರೋದನ್ನ ಹೇಳಿ. ದಿನಕ್ಕಿಷ್ಟು ಅಂತ ಬರತ್ತೆ." ಅವತ್ತು ನನಗೆ ಅಳು ಬಂತು. ಅವರು ನೋಡದವರ ಹಾಗೆ ಎದ್ದುಹೋಗಿ ಸಲಕರಣೆಗಳನ್ನು ಕುದಿಯಲಿಟ್ಟರು.

ಅಲ್ಲಿಂದ ಪ್ರತಿ ಶನಿವಾರ ಹೋಗುತ್ತಿದ್ದೆ. ಅವರು ಒಂದು ಕಾಗದದ ಮೇಲೆ ತುಟಿಯ ಚಿತ್ರ ಬರೆದು, ಸ್ಪರ್ಶ ತಿಳಿಯದ ಜಾಗಕ್ಕೆ ಪೆನ್ಸಿಲ್ ತಿಕ್ಕುತ್ತಿದ್ದರು. ಅಳತೆಗೆ ಗಂಡನ ಮಂಡಿಯ ಕಾಳುಗಳೇ. ಮೊದಲು ಹುಣಸೆ ಬೀಜದಷ್ಟಿದ್ದದ್ದು ಅವರೆಕಾಳಷ್ಟಾಯಿತು. ಕಡಲೆಬೇಳೆಗೆ ಬಂದು ಮೂರು ವಾರ ಅಲ್ಲೇ ನಿಂತಿತು. ನಾಲ್ಕನೆಯ ತಿಂಗಳು, "ಸಾಸಿವೆ ಆಯ್ತು. ಇನ್ ಊದಿ ಹೋಗಿ" ಎಂದರು.

ಮನೆಗೆ ಬಂದು ಕೊಳಲೆತ್ತಿದೆ. ಮೊದಲ ಷಡ್ಜ ಗಾಳಿಯಲ್ಲೇ ಹೋಯಿತು, ಎರಡನೆಯದು ನಿಂತಿತು. ಆ ವರ್ಷದ ರಾಮನವಮಿಗೆ ನುಡಿಸಿದೆ. ಕಚೇರಿಗೆ ಬನ್ನಿ ಎಂದು ಸಿಸ್ಟರಿಗೆ ಹೇಳಬೇಕಿತ್ತು. ಮುಂದಿನ ವರ್ಷ ಕರೆದರಾಯಿತು ಎಂದು ಸುಮ್ಮನಾದೆ.

ಮಾರನೆಯ ವರ್ಷ ಹಲ್ಲು ಕ್ಲೀನ್ ಮಾಡಿಸಲು ಹೋದಾಗ ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಅಕ್ಕಿಪೇಟೆಯ ಮನೆಯಲ್ಲಿ, ನಿದ್ದೆಯಲ್ಲೇ ಹೋದರಂತೆ. ಡಾಕ್ಟರು ನನ್ನ ಹಳೆಯ ಎಕ್ಸ್‌ರೇ ತೆಗೆದು ದೀಪಕ್ಕೆ ಹಿಡಿದು, "ಈಗ ಹೇಗೆ ನುಡಿಸ್ತಿದೀರಾ?" ಎಂದು ಕೇಳಿದರು.

"ನಾನು ಕೊಳಲು ನುಡಿಸ್ತೀನಿ ಅಂತ ನಿಮಗೆ ಯಾವಾಗ ಗೊತ್ತಾಯ್ತು?" ಎಂದೆ.

"ಆಪರೇಷನ್ ಮಧ್ಯದಲ್ಲೇ. ಈ ಚೂರನ್ನೂ ತೆಗೀಬೇಕು ಅಂತ ಕೈ ಹಾಕಿದ್ದೆ. ಸಿಸ್ಟರ್ ನನ್ನ ಕೈ ಹಿಡ್ಕೊಂಡ್ರು, ಇಷ್ಟು ವರ್ಷದಲ್ಲಿ ಅದೊಂದೇ ಸಲ. ಕಿಟಕಿ ಹತ್ರ ಕರ್ಕೊಂಡು ಹೋಗಿ, 'ಇವ್ರು ಕೊಳಲು ಊದೋರು ಡಾಕ್ಟ್ರೇ, ಚೂರು ಇದ್ರೆ ಇರ್ಲಿ' ಅಂದ್ರು. ಮತ್ತೆ ಎಕ್ಸ್‌ರೇ ನೋಡಿದೆ. ಅದು ನರಕ್ಕೇ ಅಂಟ್ಕೊಂಡಿತ್ತು. ತೆಗೆದಿದ್ರೆ ನಿಮ್ಮ ತುಟಿ ಉಳೀತಿರ್ಲಿಲ್ಲ."

ಅರ್ಧ ಕೆಲಸ ಎಂದು ನಾನು ಬೈದದ್ದು ಸಿಸ್ಟರ್ ಉಳಿಸಿದ ಆ ಚೂರನ್ನೇ, ಅವರೆದುರಿಗೇ. ತಿರುಗಿ ಒಂದು ಮಾತು ಹೇಳಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ಅವರು ಹೇಳಲಿಲ್ಲ, ಕೂತು ಹತ್ತಿ ಹೊಸೆದರು.