ತಾವೇ ಒಗೆದುಕೊಳ್ಳುವ ಕೈಪಟ್ಟಿಗಳು

ಒಸಾಕಾದಲ್ಲಿ ಮೂರು ಬಾಕ್ಸಿಂಗ್ ಜಿಮ್‌ಗಳ ಬಾಗಿಲು ತಟ್ಟಿ ಬಂದಿದ್ದಳು ನೊಬುಯೆ. ನಲವತ್ತೆಂಟರ ಹೆಂಗಸಿಗೆ ಎಲ್ಲರೂ ತೋರಿಸಿದ್ದು ಹೊಟ್ಟೆ ಕರಗಿಸುವ ತರಗತಿಯನ್ನೇ. ಹಾಸಿಗೆ ಹಿಡಿದ ಅತ್ತೆಯನ್ನು ಹನ್ನೊಂದು ವರ್ಷ ಎತ್ತಿ ಇಳಿಸಿದ ತೋಳು ಅವಳದು. ಅತ್ತೆ ತೀರಿಕೊಂಡ ಮೇಲೆ ಆ ತೋಳಿಗೆ ಏನನ್ನಾದರೂ ಗುದ್ದಬೇಕೆನಿಸುತ್ತಿತ್ತು.

ನಾಲ್ಕನೆಯದು ರೈಲು ಸೇತುವೆಯ ಕೆಳಗಿನ ಇವಾಕುರಾ ಜಿಮ್. ಮೇಲೆ ರೈಲು ಹೋದಾಗಲೆಲ್ಲ ಗುದ್ದುವ ಚೀಲಗಳು ತೂಗಾಡುತ್ತಿದ್ದವು.

"ಫೀಸು ಬೇಡಮ್ಮ," ಎಂದ ಯಜಮಾನ ಮುದುಕ ಇವಾಕುರಾ. "ನೆಲ ಒರೆಸಿ, ಹುಡುಗರಿಗೆ ಟೀ ಮಾಡ್ಕೊಡು, ಸಾಕು."

"ಒರೆಸೋಕೆ ಮನೇಲೇ ಬೇಕಾದಷ್ಟು ನೆಲ ಇದೆ ಯಜಮಾನ್ರೇ. ಫೀಸು ತಗೊಳ್ಳಿ, ಗುದ್ದೋದು ಕಲಿಸಿ."

ಗೊಣಗುತ್ತಲೇ ಅವನು ಮರದ ಹಲಗೆಯ ಮೇಲೆ ಅವಳ ಹೆಸರು ಬರೆದು ಗೋಡೆಗೆ ತೂಗುಹಾಕಿದ. ಅಲ್ಲಿ ಹೆಸರಿದ್ದವರಷ್ಟೇ ಜಿಮ್ಮಿನವರು.

ಗುದ್ದುವ ಮೊದಲು ಮುಷ್ಟಿಗೆ ಸುತ್ತಿಕೊಳ್ಳುವ ಉದ್ದ ಬಟ್ಟೆಯ ಕೈಪಟ್ಟಿಗಳು ಸಂಜೆ ಬೆವರಿನಲ್ಲಿ ತೊಯ್ದು ಬುಟ್ಟಿಗೆ ಬಿದ್ದರೆ ಮರುದಿನ ಒಗೆದು, ಒಣಗಿ, ಬಿಗಿಯಾಗಿ ಸುತ್ತಿಕೊಂಡಿರುತ್ತಿದ್ದವು. ಹೆಬ್ಬೆರಳು ತೂರಿಸುವ ಕುಣಿಕೆ ಸರಿಯಾಗಿ ಹೊರಗೇ.

"ಇದನ್ನ ಒಗೆಯೋದು ಯಾರು?" ಎಂದು ಕೇಳಿದಳು.

"ಯಜಮಾನ್ರಲ್ವಾ ಅಕ್ಕ?" ಎಂದ ಹಯಾಟೊ, ಜಿಮ್ಮಿನ ಹಳೆಯ ಬಾಕ್ಸರ್.

"ನಾನ್ಯಾಕೆ ಒಗೀಲಿ? ಹುಡುಗರು ಒಗೀತಾರೆ," ಎಂದ ಇವಾಕುರಾ. "ಮುಂಚೆ ನನ್ನವಳು ತಮಿಯೆ ಒಗೀತಿದ್ಲು. ಅವಳು ತೀರಿಹೋಗಿ ಮೂರು ವರ್ಷ ಆಯ್ತು."

ಒಗೆಯುವುದು ಯಾರೆಂದು ಆ ಮೂರು ವರ್ಷದಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ.

ಒಂದು ಬೆಳಿಗ್ಗೆ ನೊಬುಯೆ ಎಲ್ಲರಿಗಿಂತ ಮೊದಲೇ ಬಂದಳು. ಮೊಳೆಯಲ್ಲಿ ತೂಗುತ್ತಿದ್ದ ಹೆಂಗಸರ ಹಳೆಯ ಏಪ್ರನ್ ಹೊಟ್ಟೆಯ ಭಾಗದಲ್ಲಿ ಒದ್ದೆಯಾಗಿತ್ತು. ಮೇಜಿನ ಮೇಲೆ ಕೈಪಟ್ಟಿಯೊಂದು ಮೆಲ್ಲನೆ ಸುತ್ತಿಕೊಳ್ಳುತ್ತಿತ್ತು. ನಡುನಡುವೆ ನಿಲ್ಲುತ್ತಿತ್ತು, ಬೆರಳ ಗಂಟು ನೋಯುವವರು ನಿಲ್ಲಿಸುವ ಹಾಗೆ. ಅದು ನೊಬುಯೆಯದೇ ಪಟ್ಟಿ.

"ತಮಿಯಕ್ಕಾ," ಎಂದಳು, "ಸಾಕು ಬಿಡಿ. ನಂದು ನಾನೇ ಒಗ್ಕೋತೀನಿ."

ಪಟ್ಟಿ ಅರ್ಧಕ್ಕೇ ನಿಂತಿತು.

ಮರುದಿನ ನೊಬುಯೆ ತನ್ನದನ್ನು ಒಗೆದು ತಂದಿದ್ದಳು. ಬುಟ್ಟಿಯಲ್ಲಿದ್ದ ಉಳಿದವರ ಪಟ್ಟಿಗಳು ನಾರುತ್ತಿದ್ದವು.

"ನೀನು ಬಂದ್ಮೇಲೇ ಹೀಗಾಗಿದ್ದು!" ಇವಾಕುರಾ ರೇಗಿದ. "ಇವನ್ನೆಲ್ಲ ಒಗೀತೀಯೋ, ನಿನ್ನ ಹೆಸರು ಇಳಿಸಲೋ?"

ಐದನೆಯ ಜಿಮ್ ಹುಡುಕುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಆದರೂ ಬುಟ್ಟಿ ಮುಟ್ಟಲಿಲ್ಲ. ಖಾಲಿ ಹಲಗೆಯೊಂದನ್ನು ತೆಗೆದು 'ಇವಾಕುರಾ ತಮಿಯೆ' ಎಂದು ಬರೆದು ತನ್ನ ಹೆಸರಿನ ಪಕ್ಕ ತೂಗುಹಾಕಿದಳು.

"ಇಳಿಸೋದಾದ್ರೆ ಎರಡೂ ಇಳಿಸಿ."

ಮುದುಕ ಹಲಗೆಗಳತ್ತ ಕೈ ಚಾಚಿದ. ಮೇಲೆ ರೈಲು ಇರಲಿಲ್ಲ. ಮೂಲೆಯ ಚೀಲ ಮಾತ್ರ ಧಪ್ಪೆಂದಿತು. ಮತ್ತೆ ಎರಡು ಸಲ, ಎಡಕ್ಕೊಂದು, ಬಲಕ್ಕೊಂದು. ಗಿಡ್ಡ ಹೆಂಗಸಿನ ಭುಜದೆತ್ತರದಲ್ಲಿ, ಪುಟ್ಟ ಮುಷ್ಟಿಯಗಲದ ಗುಳಿ ಬಿದ್ದಿತ್ತು.

ಇವಾಕುರಾನ ಕೈ ಹಿಂದೆ ಬಂತು. ಬಗ್ಗಿ ಬುಟ್ಟಿ ಎತ್ತಿಕೊಂಡ.

"ಸೋಪಿನ ಪುಡಿ ಎಲ್ಲಿಡ್ತಿದ್ದೆ ತಮಿಯೆ?" ಎಂದು ಚೀಲವನ್ನು ಕೇಳಿದ.

ಗುದ್ದು ತಿನ್ನುತ್ತಲೇ ಇದ್ದ ಚೀಲಕ್ಕೆ ಪುರಸೊತ್ತಿರಲಿಲ್ಲ. ನೊಬುಯೆ ಕೈಗೆ ಪಟ್ಟಿ ಸುತ್ತಿಕೊಂಡು ಪಕ್ಕದ ಚೀಲದ ಮುಂದೆ ನಿಂತಳು.