ನಸೀಮಾ ಆಪಾ ಮತ್ತು ಒಂದೇ ಹೆಸರಿನ ಎರಡು ತೋಳು

ಬೆಳಿಗ್ಗೆ ಮನೆಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡಲು ಕೂತೆ. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ನನ್ನನ್ನು ಸುರಪುರದ ಈ ಪಡಸಾಲೆಯಿಂದ ಎತ್ತಿ ಶಹಾಪುರದ ನಸೀಮಾ ಆಪಾ ಅವರ ಅಂಗಡಿಯಲ್ಲಿ ಕೂರಿಸಿತು. ನೀವು ನಗಬಹುದು. ಯಂತ್ರದ ಎಣ್ಣೆಯಿಂದ ಬೇರೆಯವರಿಗೆ ರವಿಕೆ, ಲಂಗ ನೆನಪಾದರೆ ನನಗೆ ವೆಬ್‌ಸೈಟ್ ಕಟ್ಟಲು ಕಲಿತ ದಿನಗಳು ನೆನಪಾಗುತ್ತವೆ.

ನಾನು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವವಳು. ಅಂಕಪಟ್ಟಿ ಟೈಪು ಮಾಡುವುದು, ಅದು ಅಳಿಸಿಹೋದಾಗ ಯಾರನ್ನಾದರೂ ಕೂಗುವುದು, ಕಂಪ್ಯೂಟರಿನ ಜೊತೆ ನನ್ನ ಸಂಬಂಧ ಇಷ್ಟೇ ಇತ್ತು. ಅಂಥವಳು ನಲವತ್ತು ದಾಟಿದ ಮೇಲೆ ವಿಶ್ವವಿದ್ಯಾಲಯದ ವೆಬ್ ಕೋರ್ಸಿಗೆ ಸೇರಿದ್ದಕ್ಕೆ ಕಾರಣ, ಅದನ್ನು ತುಂಡು ತುಂಡಾಗಿ ಕಲಿಯಬಹುದಿತ್ತು. ಒಂದೊಂದು ತುಂಡಿಗೆ ಮಾಡ್ಯೂಲ್ ಎಂದು ಹೆಸರು. ಸಾಕೆನಿಸಿದಲ್ಲಿ ನಿಲ್ಲಿಸಿ, ಕಲಿತಷ್ಟಕ್ಕೆ ಪ್ರಮಾಣಪತ್ರ ಹಿಡಿದು ಮನೆಗೆ ಬರಬಹುದು. ನನ್ನಂಥ ಪುಕ್ಕಲರಿಗೆ ಹೇಳಿ ಮಾಡಿಸಿದ ಏರ್ಪಾಟು.

ಪಾಠ ಭಾನುವಾರ, ಯಾದಗಿರಿಯ ಕಾಲೇಜಿನಲ್ಲಿ. ಸುರಪುರದಿಂದ ಹೊರಟ ಬಸ್ಸು ಶಹಾಪುರದಲ್ಲಿ ಅರ್ಧ ಖಾಲಿಯಾಗಿ ಮತ್ತೆ ತುಂಬುತ್ತದೆ. ಮೊದಲ ದಿನ ಅಲ್ಲಿ ಹತ್ತಿ ನನ್ನ ಪಕ್ಕ ಕೂತವರು ನಸೀಮಾ ಆಪಾ. ನನಗಿಂತ ಸ್ವಲ್ಪ ಹಿರಿಯರು, ಅದಕ್ಕೇ ಆಪಾ, ಅಂದರೆ ಅಕ್ಕ. ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟವರು. ಗಿರಾಕಿಗಳು ಮೊಬೈಲಿನಲ್ಲಿ ಯಾವುದೋ ಊರಿನ ರವಿಕೆ ತೋರಿಸಿ ಇಂಥದ್ದೇ ಬೇಕು ಅನ್ನುತ್ತಾರಂತೆ. ನಮ್ಮ ಅಂಗಡಿಯ ರವಿಕೆಯೂ ಹಾಗೆ ಮೊಬೈಲಿನಲ್ಲಿ ಯಾಕೆ ಬರಬಾರದು ಎಂದು ಅವರು ಕೋರ್ಸಿಗೆ ಸೇರಿದ್ದರು. ಭೀಮಾ ಸೇತುವೆ ದಾಟುವಷ್ಟರಲ್ಲಿ ನಾವು ಒಂದೇ ತರಗತಿಯ ಹುಡುಗಿಯರಾಗಿದ್ದೆವು.

ಮೊದಲ ಮಾಡ್ಯೂಲಿನಲ್ಲಿ ವೆಬ್ ಪುಟಕ್ಕೆ ಎಲುಬು ಜೋಡಿಸುವುದನ್ನು ಕಲಿಸಿದರು. ನಾನು ಬರೆದ ಮೊದಲ ಪುಟದಲ್ಲಿದ್ದದ್ದು ‘ನಮಸ್ಕಾರ’ ಎಂಬ ಒಂದೇ ಪದ. ಮಕ್ಕಳಿಂದ ದಿನವೂ ಅದನ್ನೇ ಬರೆಸುವ ನಾನು, ಅದು ಪರದೆಯ ಮೇಲೆ ಮೂಡಿದ್ದನ್ನು ಕಂಡು ಅಕ್ಷರ ಆಗಷ್ಟೇ ಕಲಿತವಳಂತೆ ಆಪಾ ಅವರ ಸೆರಗು ಜಗ್ಗಿದೆ. ಅವರು ಅಂಗಡಿಯ ಹೆಸರನ್ನು ಕನ್ನಡ, ಉರ್ದು ಎರಡರಲ್ಲೂ ಬರೆದಿದ್ದರು. ಒಂದು ಎಡದಿಂದ, ಇನ್ನೊಂದು ಬಲದಿಂದ ಹೊರಟು ನಡುವೆ ಭೇಟಿಯಾಗಿದ್ದವು.

ಇಬ್ಬರೂ ಪಾಸಾದೆವು. ಎರಡನೆಯದು ಪುಟಕ್ಕೆ ಬಣ್ಣ, ಅಳತೆ, ಅಂದ ಕೊಡುವ ಪಾಠ. ತರಗತಿಯಲ್ಲಿ ಆಪಾ ಅವರ ಪುಟವೇ ಎಲ್ಲರಿಗಿಂತ ಚೆಂದ. ಆದರೆ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು. ಒಂದೊಂದನ್ನೂ ಮನಸ್ಸಿನಲ್ಲೇ ಮನೆಮಾತಿಗೆ ತಿರುಗಿಸಿಕೊಳ್ಳುವಷ್ಟರಲ್ಲಿ ಅವರ ವೇಳೆ ಮುಗಿದುಹೋಯಿತು. ನಾನು ಪಾಸು, ಅವರು ನಾಪಾಸು.

ಮುಂದಿನ ಭಾನುವಾರ ಶಹಾಪುರದಲ್ಲಿ ಬಸ್ಸು ನಿಂತಿತು, ಆಪಾ ಹತ್ತಲಿಲ್ಲ. ಅವರ ಜಾಗದಲ್ಲಿ ಹಸಿಮೆಣಸಿನಕಾಯಿಯ ಚೀಲ ಕೂತಿತು. ಮೂರನೆಯ ಮಾಡ್ಯೂಲ್ ಶುರುವಾಗಿತ್ತು. ಗುಂಡಿ ಒತ್ತಿದರೆ ಪುಟ ಮಾತು ಕೇಳುವಂತೆ ಮಾಡುವ ಪಾಠ. ಅಷ್ಟು ಖುಷಿಯ ಸಂಗತಿ, ಹೇಳಿಕೊಳ್ಳಲು ಮಾತ್ರ ಜನವಿಲ್ಲ. ಕೊನೆಗೆ ಒಂದು ರವಿಕೆಯ ಚಿತ್ರ ಕಟ್ಟಿದೆ. ‘ಗಿಡ್ಡ ತೋಳು’ ಎಂಬ ಗುಂಡಿ ಒತ್ತಿದರೆ ತೋಳು ಗಿಡ್ಡವಾಗಬೇಕು. ಒಂದು ಭಾನುವಾರ ಪಾಠ ತಪ್ಪಿಸಿ, ಲ್ಯಾಪ್‌ಟಾಪ್ ಹಿಡಿದು ಶಹಾಪುರದಲ್ಲೇ ಇಳಿದುಬಿಟ್ಟೆ.

ಅಂಗಡಿಯಲ್ಲಿ ಆಪಾ ಚಹಾ ತರಿಸಿದರು, ಕೋರ್ಸಿನ ಮಾತು ತೆಗೆಯಲಿಲ್ಲ. ನಾಪಾಸಾದ ಒಂದು ಪರೀಕ್ಷೆಯನ್ನೇ ಮತ್ತೆ ಬರೆದರೆ ಸಾಕು, ಉಳಿದದ್ದೇನೂ ಹಾಳಾಗುವುದಿಲ್ಲ ಎಂದು ನಾನೇ ವಿವರಿಸಿದೆ.

“ಅದು ಗೊತ್ತದ ಟೀಚರ್,” ಅಂದರು. “ಮನ್ಯಾಗ ಎಲ್ಲಾರ ಮುಂದ ನಾಪಾಸ್ ಆಗೀನಿ ಅಂತ ಒಮ್ಮೆ ಹೇಳೀನಿ. ಮತ್ತೊಮ್ಮೆ ಹೇಳೋ ಧೈರ್ಯ ಇಲ್ಲ. ನೀವು ಮುಂದ ಹೋಗ್ರಿ.”

ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಗುಂಡಿ ಒತ್ತಿದೆ. ಎಡತೋಳು ಸರ್ರನೆ ಗಿಡ್ಡವಾಯಿತು. ಬಲತೋಳು ಮಣಿಕಟ್ಟಿನವರೆಗೆ ಹಾಗೇ ಇತ್ತು. ಮನೆಯಲ್ಲಿ ಒಂದೇ ತೋಳಿಟ್ಟು ಪರೀಕ್ಷಿಸಿ, ಎರಡನೆಯದನ್ನು ಬಸ್ಸಿನಲ್ಲಿ ಅದರಿಂದಲೇ ನಕಲು ಮಾಡಿ ಅಂಟಿಸಿದ್ದ ಜಾಣತನ ನನ್ನದು.

ಆಪಾ ಬಗ್ಗಿ ನೋಡಿದರು. “ಹಿಂಗ ಹೊಲ್ದು ಕೊಟ್ರ ಗಿರಾಕಿ ನನ್ನ ಸುಮ್ಮ ಬಿಡ್ತಾರೇನ್ರಿ?” ಅಂದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಕತ್ತರಿ ಪಕ್ಕಕ್ಕಿಟ್ಟು, ಸ್ಟೂಲು ಎಳೆದುಕೊಂಡು, ಬರೆದದ್ದನ್ನೆಲ್ಲ ಮೊದಲಿನಿಂದ ಓದಲು ಹೇಳಿದರು.

ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತ, ಅರ್ಥ ಹೇಳುತ್ತ ಹೋದೆ. ಬಂದ ಗಿರಾಕಿಯನ್ನು ಆಪಾ ಸಂಜೆಗೆ ಬರಲು ಹೇಳಿ ಕಳಿಸಿದರು. ಬಲತೋಳಿನ ಸಾಲಿಗೆ ಬಂದಾಗ ನನ್ನ ಕೈ ಹಿಡಿದರು.

“ಎರಡೂ ತೋಳಿಗೆ ಒಂದೇ ಹೆಸರು ಇಟ್ಟೀರಿ ಟೀಚರ್. ನಮ್ಮ ಓಣ್ಯಾಗ ಇಬ್ಬರು ಫಾತಿಮಾ ಇದ್ದಾರ. ಹೊರಗ ನಿಂತು ಕರದ್ರ ಮೊದಲನೇ ಮನ್ಯಾಕಿನೇ ಬರ್ತಾಳ.”

ಮೊದಲ ಮಾಡ್ಯೂಲಿನಲ್ಲಿ ಇಬ್ಬರೂ ಕಲಿತ ಪಾಠವೇ ಅದು. ಒಂದು ಹೆಸರು ಒಂದಕ್ಕೇ, ಹಲವಕ್ಕೆ ಬೇಕಾದರೆ ಗುಂಪಿನ ಹೆಸರು. ತಿದ್ದುವ ಸಾಲನ್ನು ನಾನು ಹೇಳಿದೆ, ಅವರು ಟೈಪು ಮಾಡಿದರು. ಗುಂಡಿ ಒತ್ತಿದಾಗ ಎರಡೂ ತೋಳು ಒಟ್ಟಿಗೆ ಮೇಲೇರಿದವು. ಆಪಾ ಪಕ್ಕದ ಬಳೆ ಅಂಗಡಿಯ ಹೆಂಗಸನ್ನು ಕರೆತಂದು ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಕುತ್ತಿಗೆಯ ಆಕಾರವನ್ನೂ ಹೀಗೆ ಬದಲಿಸಬಹುದೇ ಎಂದು ಕೇಳಿದರು. ಹೇಗೆಂದು ನನಗೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಹುಡುಕೋಣ ಎಂದೆ.

ಮುಂದಿನ ಭಾನುವಾರ ಆಪಾ ಬಸ್ಸು ಹತ್ತಿದರು. ಶಹಾಪುರದಿಂದ ಯಾದಗಿರಿಯವರೆಗೆ ನಾನು ಇಂಗ್ಲಿಷ್ ಪ್ರಶ್ನೆ ಕೇಳುವುದು, ಅವರು ಉತ್ತರಿಸುವುದು. ಎದುರಿನ ಸೀಟಿನ ಅಜ್ಜನೊಬ್ಬ ಇಬ್ಬರನ್ನೂ ವಿಚಿತ್ರವಾಗಿ ನೋಡುತ್ತಿದ್ದ. ಮರುಪರೀಕ್ಷೆಯಲ್ಲಿ ಅವರಿಗೆ ಬಂದ ಅಂಕ ನನ್ನದಕ್ಕಿಂತ ಹೆಚ್ಚು. ಮೂರನೆಯದನ್ನು ಇಬ್ಬರೂ ಒಟ್ಟಿಗೇ ಮುಗಿಸಿದೆವು. ಅಂಗಡಿಯ ಪುಟ ಎಲ್ಲರ ಮೊಬೈಲಿನಲ್ಲೂ ತೆರೆಯುವಂತಾದ ವಾರವೇ ಗೋಗಿ ಎಂಬ ಊರಿನ ಹುಡುಗಿಯೊಬ್ಬಳು ಮನೆಯಲ್ಲಿ ಕೂತು ಮದುವೆಯ ರವಿಕೆ ಆರಿಸಿ ಕಳಿಸಿದಳು. ಆ ಸುದ್ದಿಯನ್ನು ಆಪಾ ನನಗೆ ಎರಡೆರಡು ಸಲ ಹೇಳಿದರು.

ಇಷ್ಟೆಲ್ಲ ನೆನಪಾಗಿ ಈಗಷ್ಟೇ ಅವರಿಗೆ ಫೋನು ಮಾಡಿದೆ. ಮೂರು ಮಾಡ್ಯೂಲ್ ಆಯಿತು, ಇನ್ನು ಸಾಕು ಎಂದು ಹೇಳುವ ವಿಚಾರವೂ ಮನಸ್ಸಿನಲ್ಲಿತ್ತು. ಅವರು ಬಾಯಿ ಬಿಡಲು ಕೊಡಲಿಲ್ಲ.

“ನಾಲ್ಕನೇದು ಈ ಭಾನುವಾರ ಸುರು ಅದ. ಇಬ್ಬರ ಹೆಸರೂ ಕೊಟ್ಟು ಬಂದೀನಿ.”

“ನನ್ನ ಒಂದು ಮಾತು ಕೇಳಲಾರದ?”

“ಕೇಳಿದ್ರ ವಿಚಾರ ಮಾಡಿ ಹೇಳ್ತೀನಿ ಅಂತಿದ್ರಿ.”

ಹೇಳಿದ್ದನ್ನು ಪುಟ ನೆನಪಿಟ್ಟುಕೊಳ್ಳುವಂತೆ ಮಾಡುವುದು ಈ ಸಲದ ಪಾಠವಂತೆ. ಫೋನು ಇಟ್ಟು ಗೋಡೆಯ ಕ್ಯಾಲೆಂಡರ್ ನೋಡಿದೆ. ಇನ್ನೂ ಗುರುವಾರ. ನನ್ನ ಶಾಲೆಯ ಮಕ್ಕಳೂ ನನ್ನಂತೆ ಇವತ್ತಿನಿಂದಲೇ ಭಾನುವಾರಕ್ಕೆ ಕಾಯುತ್ತಾರೆ, ಅಂದು ಪಾಠ ಇರುವುದಿಲ್ಲವೆಂದು.