ನಿವೇಶನದಲ್ಲಿ ತುಂಬಿದ ಉಡಿ

ಮಾನ್ಯರೇ, ಪತ್ರಿಕೆಗೆ ಇದು ನನ್ನ ಮೊದಲ ಬರಹವಾದ್ದರಿಂದ ಕಾಗುಣಿತ ಹಾಗೂ ಅಕ್ಷರಗಳ ದೋಷವನ್ನು ಮನ್ನಿಸಬೇಕಾಗಿ ವಿನಂತಿ.

ಹಳಿಯಾಳದಲ್ಲಿ ನಾವು ಮುಂಗಡ ಕೊಟ್ಟು ಕರಾರು ಮಾಡಿಕೊಂಡಿದ್ದ ನಿವೇಶನವನ್ನು ಮಾಲೀಕರು ನೋಂದಣಿ ಮಾಡಿಕೊಡದ ಕಾರಣ ನಾನು ಠಾಣೆಗೆ ದೂರು ಒಯ್ದಿದ್ದೆನು.

"ಅಕ್ಕಾರ, ಆಮ್ಯಾಲೆ ಮಾತು ತಪ್ಪಿದ್ರ ಅದು ಸಿವಿಲ್ ಕೋರ್ಟಿಂದ್ರಿ. ಕರಾರಿನ ದಿನಾನ ಅವರ ಮನಸ್ಸಿನ್ಯಾಗ ಮೋಸ ಇತ್ತೇನು?" ಎಂದು ಅಧಿಕಾರಿಗಳು ಕೇಳಿದರು.

ಕರಾರಾದ ದಿನ ಮಾಲೀಕರ ಪತ್ನಿಯವರು ಅದೇ ನಿವೇಶನದಲ್ಲಿ ನನ್ನನ್ನು ನಿಲ್ಲಿಸಿ, ಮಡಿಲಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು, ಹರಸಿ ಉಡಿ ತುಂಬಿದ್ದರು. ಆದ್ದರಿಂದ ಮೋಸವಿರಲಿಲ್ಲವೆಂದೇ ನಿವೇದಿಸಿದೆನು.

ಮಾಲೀಕರ ಹೆಸರು ಕೇಳಿ, ಬೆಂಚಿನ ಮೇಲಿದ್ದ ಸನವಳ್ಳಿಯ ಹಿರಿಯ ಮಹಿಳೆಯೊಬ್ಬರು ತಮ್ಮ ಕರಾರುಪತ್ರ ತೆಗೆದರು. "ಅದ ಜಾಗಾ ನಮಗೂ ಬರದು ಕೊಟ್ಟಾರವ್ವಾ, ನಿಮಗಿಂತ ಮೊದಲ. ಆಕಿ ನನಗೂ ಉಡಿ ತುಂಬ್ಯಾಳ."

"ಮೊದಲಿನ ಕರಾರು ಮುಚ್ಚಿಟ್ಟು ನಿಮ್ಮ ರೊಕ್ಕಾ ತಗೊಂಡಾರಂದ್ರ ಇದು ವಂಚನೆ ಕೇಸ ಆಗತೈತ್ರಿ" ಎಂದ ಅಧಿಕಾರಿಗಳು, ದೂರಿನಲ್ಲಿ ಮಾಲೀಕರ ಪತ್ನಿಯ ಹೆಸರನ್ನೂ ಸೇರಿಸಬೇಕೇ ಎಂದು ವಿಚಾರಿಸಿದರು.

ಉಡಿ ತುಂಬಿದ ಆ ತಾಯಿಗೆ ಎಲ್ಲವೂ ತಿಳಿದಿತ್ತೋ, ಗಂಡ ಹೇಳಿದಷ್ಟನ್ನೇ ಮಾಡಿದರೋ ನನಗೆ ಇಂದಿಗೂ ಅರ್ಥವಾಗಿಲ್ಲ. ಅವರ ಹೆಸರು ಸೇರಿಸದೆ ಸಹಿ ಮಾಡಿ ಬಂದಿದ್ದೇನೆ. ತಪ್ಪಾಗಿದ್ದಲ್ಲಿ ಓದುಗರು ದಯಮಾಡಿ ತಿದ್ದಬೇಕು.